ಎಡಭುಜಕ್ಕೆ ಹಚ್ಚಿದ ಎಣ್ಣೆ

ಬೊಮ್ಮಲಕುಂಟೆಯ ಅಕ್ಕಯ್ಯಮ್ಮ ಒಂದು ಕಾಲಕ್ಕೆ ದನಿ ಎತ್ತಿ ಮಾತಾಡಿದವಳೇ ಅಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಯ ಕಡೆ ಹೊರಟು, ಕೆರೆಯ ಏರಿ ಇಳಿದು ಎಡಕ್ಕೆ ತಿರುಗಿದರೆ ಆಕೆಯ ಊರು. ಹಿಪ್ಪುನೇರಳೆ ತೋಟಗಳ ನಡುವೆ ಒಂದಷ್ಟು ಮನೆಗಳು. ಪ್ರತಿ ಮನೆಯೊಳಗೂ ರೇಷ್ಮೆ ಹುಳುವಿನ ತಟ್ಟೆಗಳು. ಹುಳುವಿದ್ದ ಮನೆಯಲ್ಲಿ ಜೋರಾಗಿ ಮಾತಾಡಬಾರದು ಎಂದು ಅತ್ತೆ ಕಲಿಸಿದ್ದನ್ನು ಆಕೆ ಎಷ್ಟು ಮೈಗೂಡಿಸಿಕೊಂಡಿದ್ದಳೆಂದರೆ, ಗಂಡ ಸತ್ತ ದಿನವೂ ಆಕೆಯ ಅಳು ಬೀದಿಗೆ ಕೇಳಿಸಲಿಲ್ಲವಂತೆ. "ಗಂಡ ಹೋದ್ರೂ ಬಾಯಿ ಬಿಡ್ಲಿಲ್ಲ, ಎಂಥ ಗುಂಡಿಗೆನಮ್ಮ" ಎಂದು ಆಗ ಆಡಿಕೊಂಡ ಹೆಂಗಸರೇ ಮುಂದೆ ಆಕೆಯ ಬಾಯಿಗೆ ಹೆದರಿ ಬಾಗಿಲು ಹಾಕಿಕೊಳ್ಳುವಂತಾಯಿತು. ಆ ಬಾಯಿಯನ್ನು ಆಕೆಗೆ ಕೊಟ್ಟದ್ದು ಒಂದು ಆಸ್ಪತ್ರೆ.

ಒಬ್ಬನೇ ಮಗ ಕೊಂಡಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿ, ಮಂಚೇನಹಳ್ಳಿಯ ಕಡೆಯಿಂದ ಆಕೆ ಸೊಸೆ ತಂದಳು. ಹುಡುಗಿಯ ಹೆಸರು ಶ್ಯಾಮಲಮ್ಮ. ಹುಳುವಿನ ಮನೆಯನ್ನೇ ಕಾಣದ ಕಡೆಯಿಂದ ಬಂದವಳು. ಮೊದಲ ದಿನ ತಟ್ಟೆಯ ಮೇಲಿನ ಸೊಪ್ಪು ಸರಿಸಿ ನೋಡಿ ಕಿಟ್ಟನೆ ಕಿರುಚಿದ್ದಳು. ಆರು ತಿಂಗಳು ಕಳೆಯುವಷ್ಟರಲ್ಲಿ ಹುಳುಗಳಿಗೆ ಹೆಸರಿಟ್ಟು ಕರೆಯುವ ಹಾಗಾಗಿದ್ದಳು.

"ಅತ್ತೆ, ಈ ಮೂಲೆ ತಟ್ಟೇಲಿ ಒಬ್ಬ ಅವನೆ, ನಿಮ್ಮ ಮಗನ ಥರಾನೇ. ತಿನ್ನೋದು, ಮಲಗೋದು."

"ಗಂಡನ್ನ ಹುಳಕ್ಕೆ ಹೋಲಿಸ್ತೀಯೇನೆ?"

"ಇಲ್ಲಾ ಅತ್ತೆ, ಹುಳಾನ ಅವರಿಗೆ ಹೋಲಿಸ್ದೆ. ಹುಳ ಆದ್ರೂ ಗೂಡು ಕಟ್ತೈತೆ."

ಅಕ್ಕಯ್ಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎಷ್ಟೋ ವರ್ಷ ಸದ್ದಿಲ್ಲದಿದ್ದ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಪಿಸುದನಿಯಲ್ಲೇ ನಗುವುದನ್ನು ಕಲಿತರು.

ಹುಳು ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿಗೆ ಬಕಾಸುರನ ಹಸಿವು. ಅದು ಗೂಡು ಕಟ್ಟುವವರೆಗಿನ ದಿನಗಳಲ್ಲಿ ಮನೆಗೆ ಮನೆಯೇ ವ್ರತ ಹಿಡಿದ ಹಾಗೆ. ಒಗ್ಗರಣೆ ಇಲ್ಲ, ಬೀಡಿ ಇಲ್ಲ, ತಲೆಗೆ ವಾಸನೆ ಎಣ್ಣೆ ಇಲ್ಲ. ಸೀಮೆಎಣ್ಣೆಯ ಕೈಯವರು, ಫಿನಾಯಿಲ್ ತುಳಿದು ಬಂದವರು, ಯಾರೂ ಹೊಸ್ತಿಲು ದಾಟುವಂತಿಲ್ಲ. ಖಾರದ ವಾಸನೆ ಬಿದ್ದರೆ ಹುಳು ಮೇವು ಬಿಟ್ಟು ತಲೆ ಎತ್ತಿ ನಿಲ್ಲುತ್ತದೆ, ಆಮೇಲೆ ಸಾಲು ಸಾಲಾಗಿ ಕಪ್ಪಗಾಗುತ್ತದೆ ಎಂಬುದು ಊರಿನ ನಂಬಿಕೆ. ನಂಬಿಕೆಯೋ ಅನುಭವವೋ, ಅದನ್ನು ಮೀರಿದವರು ಆ ಊರಲ್ಲಿ ಇರಲಿಲ್ಲ.

ಸಾವಿರದ ಒಂಬೈನೂರ ಐವತ್ತೇಳರ ಚಳಿಗಾಲ. ಊರೆಲ್ಲ ಒಟ್ಟಿಗೆ ಹುಳು ಸಾಕಿತ್ತು, ಊರೆಲ್ಲ ಒಟ್ಟಿಗೆ ನಾಲ್ಕನೆಯ ಜ್ವರ ಎದ್ದಿತ್ತು. ಬೆಳಗ್ಗೆ ಕೊಂಡಪ್ಪ ಗಾಡಿ ತುಂಬ ಸೊಪ್ಪು ತಂದ. ಅವಸರ, ಭಾರ ಹಿಂದಕ್ಕೆ ಬಿದ್ದದ್ದನ್ನು ಅವನು ಗಮನಿಸಲಿಲ್ಲ. ಎತ್ತುಗಳ ಕೊರಳಿನಿಂದ ನೊಗ ಜಾರಿಸಿದ್ದೇ ತಡ, ಗಾಡಿ ಹಿಂದಕ್ಕೆ ಕುಸಿದು ನೊಗ ಕಟ್ಟುವ ಮುಂದಿನ ಮೂಕಿಮರ ಚಿಮ್ಮಿ ಮೇಲೆದ್ದಿತು. ಸೊಪ್ಪಿನ ಹೊರೆ ಇಳಿಸಿಕೊಳ್ಳಲು ಬಂದು ಬಾಗಿ ನಿಂತಿದ್ದ ಶ್ಯಾಮಲಮ್ಮನ ಎಡ ಪಕ್ಕೆಯ ಕೆಳಗೆ, ಹೊಟ್ಟೆಗೆ, ಅದು ಹೊಡೆಯಿತು.

ಅವಳು ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ, "ಏನಿಲ್ಲ ಅತ್ತೆ, ಉಸಿರು ಹಿಡೀತು ಅಷ್ಟೆ" ಎಂದಳು. ಗಾಯವಿಲ್ಲ, ರಕ್ತವಿಲ್ಲ. ಎದ್ದು ಒಂದು ತಟ್ಟೆಗೆ ಸೊಪ್ಪು ಕೂಡ ಹಾಕಿದಳು. ಎರಡನೆಯ ತಟ್ಟೆಗೆ ಕೈ ಹಾಕುವಾಗ ಮುಖ ಬಿಳಿಚಿತು, ತಣ್ಣನೆ ಬೆವರು ಇಳಿಯಿತು. ಅಕ್ಕಯ್ಯಮ್ಮ ಸೊಪ್ಪನ್ನು ಅಂಗಳಕ್ಕೆ ಸುರಿಸಿ, ಅದೇ ಗಾಡಿಗೆ ಹುಲ್ಲು ಹಾಸಿ, ಸೊಸೆಯನ್ನು ಮಲಗಿಸಿಕೊಂಡು ಶಿಡ್ಲಘಟ್ಟಕ್ಕೆ ಹೊಡೆಸಿದಳು.

ಊರ ಹೊರಗೆ ರೇಷ್ಮೆ ವ್ಯಾಪಾರದ ದೊಡ್ಡ ಮನುಷ್ಯರು ಸಮಿತಿ ಮಾಡಿಕೊಂಡು ನಡೆಸುತ್ತಿದ್ದ ಧರ್ಮಾಸ್ಪತ್ರೆಯೊಂದಿತ್ತು. ಸಮಿತಿಯ ಅಧ್ಯಕ್ಷರು ಬಯ್ಯಪ್ಪನವರು. ಅಂದು ಆಸ್ಪತ್ರೆಯಲ್ಲಿ ಎಂದಿಲ್ಲದ ಸಡಗರ. ಅಂಗಳಕ್ಕೆ ನೀರು ಹೊಡೆದಿದ್ದರು, ಬಾಗಿಲಿಗೆ ಮಾವಿನ ತೋರಣ, ಕಬ್ಬಿಣದ ಮಂಚಗಳಿಗೆಲ್ಲ ಹೊಸ ಬಿಳಿ ಹೊದಿಕೆ. ಮಧ್ಯಾಹ್ನ ಬಯ್ಯಪ್ಪನವರು ಬೆಂಗಳೂರಿನ ಅತಿಥಿಗಳನ್ನು ಆಸ್ಪತ್ರೆ ತೋರಿಸಲು ಕರೆತರುವವರಿದ್ದರು.

ಡಾಕ್ಟರು ಹರೆಯದವನು. ಇಸ್ತ್ರಿ ಮಾಡಿದ ಕೋಟು. ಕುರ್ಚಿಯಿಂದ ಏಳದೆಯೇ ಕೇಳಿದ:

"ಏನಾಯ್ತು?"

"ಗಾಡಿ ಮೂಕಿ ಹೊಡೀತು ಸ್ವಾಮಿ. ಹೊಟ್ಟೆಗೆ," ಎಂದಳು ಅಕ್ಕಯ್ಯಮ್ಮ.

"ಎಲ್ಲಮ್ಮಾ ನೋವು?"

ಶ್ಯಾಮಲಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು, ನೆಲ ನೋಡುತ್ತ, "ಭುಜ... ಎಡಗಡೆ ಭುಜ" ಎಂದಳು.

"ಭುಜಕ್ಕೆ ಏನೂ ಬಿದ್ದಿಲ್ಲ ಸ್ವಾಮಿ. ಇಲ್ಲಿಗೆ ಬಿದ್ದಿದ್ದು, ಇಲ್ಲಿಗೆ." ಅಕ್ಕಯ್ಯಮ್ಮ ತನ್ನ ಹೊಟ್ಟೆಯ ಮೇಲೆಯೇ ಕೈಯಿಟ್ಟು ತೋರಿಸಿದಳು. "ಒಸಿ ಮುಟ್ಟಿ ನೋಡಿ."

"ನೋವಿರೋದು ಅವಳಿಗೋ ನಿನಗೋ?"

ಕಾಂಪೌಂಡರು ನಕ್ಕ. ಡಾಕ್ಟರು ಅವನ ಕಡೆ ತಿರುಗಿ, ಉಜ್ಜಲು ಎಣ್ಣೆ, ಕುಡಿಯಲು ಮಿಕ್ಸ್ಚರು ಎಂದ. ಆಯಾ ಬಂದು ಟರ್ಪಂಟೈನ್ ಹಾಕಿದ ಎಣ್ಣೆಯನ್ನು ಎಡಭುಜಕ್ಕೆ, ಕತ್ತಿಗೆ, ಬೆನ್ನಿಗೆ ಧಾರಾಳವಾಗಿ ತಿಕ್ಕಿದಳು. ಆ ಹುಡುಗಿಯ ಹೊಟ್ಟೆಯ ಮೇಲೆ ಆ ಕಟ್ಟಡದೊಳಗೆ ಯಾರ ಕೈಯೂ ಬೀಳಲಿಲ್ಲ. ನಾಡಿಯನ್ನೂ ಯಾರೂ ಹಿಡಿಯಲಿಲ್ಲ.

ತುದಿಯ ಮಂಚದ ಮೇಲೆ ಅವಳನ್ನು ಸ್ವಲ್ಪ ಹೊತ್ತು ಮಲಗಿಸಿದರು. ನೀರು ಕೇಳಿದಳು. ಕುಡಿದದ್ದನ್ನು ವಾಂತಿ ಮಾಡಿದಳು. ಹೊಸ ಹೊದಿಕೆಯ ಅಂಚಿಗೆ ಒಂದಿಷ್ಟು ತಾಗಿತು. ಆಯಾ ಹಣೆ ಚಚ್ಚಿಕೊಂಡು ಓಡಿದಳು. ಡಾಕ್ಟರು ಬಂದು ಹೊದಿಕೆಯನ್ನು ನೋಡಿದ. ಹುಡುಗಿಯನ್ನು ನೋಡಿದನೋ ಇಲ್ಲವೋ, ಅಕ್ಕಯ್ಯಮ್ಮನಿಗೆ ನೆನಪಿಲ್ಲ.

"ಮನೆಗೆ ಕರ್ಕೊಂಡು ಹೋಗಿ. ಗಂಜಿ ಕೊಡಿ. ನಾಳಿದ್ದು ಬನ್ನಿ."

"ಇವತ್ತೊಂದಿನ ಇಲ್ಲೇ ಇರ್ಲಿ ಸ್ವಾಮಿ. ಮಂಚ ಬ್ಯಾಡ. ನೆಲದ ಮೇಲೆ ಮಲಗಿಸ್ಕಂತೀನಿ. ನಾನು ನೋಡ್ಕಂತೀನಿ."

"ಇದೇನು ಛತ್ರಾನಾ? ಅಧ್ಯಕ್ಷರು ಮಂಚ ಖಾಲಿ ಇರಬೇಕು ಅಂದಿದ್ದಾರೆ. ಏಳಮ್ಮಾ, ಏಳು."

ಶ್ಯಾಮಲಮ್ಮ ಎದ್ದಳು. ದೊಡ್ಡವರು ಏಳು ಎಂದರೆ ಏಳುವ ಹುಡುಗಿ ಅವಳು. ಗೋಡೆ ಹಿಡಿದುಕೊಂಡು ನಡೆದಳು. ಗಾಡಿ ಗೇಟು ದಾಟುವಾಗ ಒಂದು ಕಾರು ಒಳಗೆ ಬಂತು. ದಾರಿ ಬಿಡುವಂತೆ ಜವಾನ ಕೊಂಡಪ್ಪನನ್ನು ಗದರಿದ.

ಬೊಮ್ಮಲಕುಂಟೆ ತಲುಪಿದಾಗ ಹೊತ್ತು ಬಾಡುತ್ತಿತ್ತು. ಮೈಯೆಲ್ಲ ಟರ್ಪಂಟೈನ್ ಘಾಟು. ಅಕ್ಕಯ್ಯಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಸೀಗೆಪುಡಿ ಹಾಕಿ ಒರೆಸಿದಳು. ಹೋಗಲಿಲ್ಲ. ಹುಡುಗಿಗೆ ಕೂರಲು ಆಗುತ್ತಿರಲಿಲ್ಲ, ಹೆಚ್ಚು ಉಜ್ಜುವಂತೆಯೂ ಇರಲಿಲ್ಲ. ಊರಿನ ಯಾವ ಮನೆಗೆ ಕರೆದೊಯ್ದರೂ ಅಲ್ಲಿ ಹುಳು. ಹೊಸ್ತಿಲ ಮುಂದೆ ಅಕ್ಕಯ್ಯಮ್ಮ ಒಂದು ಗಳಿಗೆ ನಿಂತಳು. ಆ ಒಂದು ಗಳಿಗೆಯನ್ನು ಮುಂದೆ ಊರೂರೇ ಎತ್ತಿ ಆಡಿತು.

"ಒಳಗೆ ಬ್ಯಾಡ ಅತ್ತೆ," ಎಂದವಳು ಶ್ಯಾಮಲಮ್ಮನೇ. "ಹುಳಕ್ಕೆ ಆಗಾಕಿಲ್ಲ. ಚಪ್ಪರದಾಗೆ ಮಲಗ್ತೀನಿ. ನಾಳೆ ಸ್ನಾನ ಮಾಡಿ ಬರ್ತೀನಿ."

ಗಾಡಿ ನಿಲ್ಲಿಸುವ ಚಪ್ಪರದಲ್ಲಿ, ಹೊಸ ಹುಲ್ಲು ಹರಡಿ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹಾಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅಕ್ಕಯ್ಯಮ್ಮ ಕೂತಳು. ಕೊಂಡಪ್ಪ ಒಳಗೆ ಹುಳುವಿಗೆ ಸೊಪ್ಪು ಹಾಕಿದ. ಹುಡುಗಿ ನೀರು ಕೇಳುತ್ತಿದ್ದಳು, ಭುಜ ಒತ್ತಲು ಕೇಳುತ್ತಿದ್ದಳು. ಅತ್ತೆ ಭುಜ ಒತ್ತಿದಳು. ಮರುದಿನ ಬೆಳಗ್ಗೆ, ಬಿಸಿಲು ಚಪ್ಪರದ ಗರಿಗಳ ಸಂದಿನಿಂದ ಇಳಿಯುವಾಗ, ಶ್ಯಾಮಲಮ್ಮನ ಮೈ ತಣ್ಣಗಾಯಿತು.

ಪೊಲೀಸು, ಮರಣೋತ್ತರ ಪರೀಕ್ಷೆ ಎಂಬ ಯೋಚನೆ ಯಾರಿಗೂ ಬರಲಿಲ್ಲ. ಬಂದಿದ್ದರೂ ಬಸುರಾಗಬೇಕಾಗಿದ್ದ ಹೆಣ್ಣಿನ ಒಡಲನ್ನು ಕುಯ್ಯಲು ಯಾರೂ ಒಪ್ಪುತ್ತಿರಲಿಲ್ಲ. ಮಂಚೇನಹಳ್ಳಿಯಿಂದ ತಾಯಿ ತಂದೆ ಬಂದು ಮುಖ ನೋಡಿದ ಮೇಲೆ ಮಣ್ಣು ಮಾಡಿದರು.

ಆ ಸಲ ಊರಿನಲ್ಲೇ ಒಳ್ಳೆಯ ಬೆಳೆ ಅಕ್ಕಯ್ಯಮ್ಮನ ಮನೆಯದು. ಒಂದು ಹುಳುವೂ ಕಪ್ಪಾಗಲಿಲ್ಲ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳ ತುಂಬ ಹಳದಿ ಗೂಡು, ಒತ್ತಿದರೆ ಕಲ್ಲಿನಂತೆ ಗಟ್ಟಿ. ಆಕೆ ಅದನ್ನು ನೋಡಲಾರದೆ ಮುಖ ತಿರುಗಿಸಿಕೊಂಡು ಬಿಡಿಸಿದಳು.

ಗೂಡು ಕೊಳ್ಳುತ್ತಿದ್ದವರು ಶಿಡ್ಲಘಟ್ಟದ ಖಲೀಮುಲ್ಲಾ ಸಾಬರು. ಮನೆಯಲ್ಲೇ ನೂಲು ತೆಗೆಸುವ ಕಸುಬು. ಅಕ್ಕಯ್ಯಮ್ಮನ ಗಂಡನ ಕಾಲದಿಂದ ಪರಿಚಯ. ಅವರು ಬುಟ್ಟಿಯಿಂದ ಒಂದು ಗೂಡು ಎತ್ತಿ, ಮತ್ತೆ ಅಲ್ಲೇ ಇಟ್ಟು, ಹೇಳಲೋ ಬೇಡವೋ ಎಂಬಂತೆ ಹೇಳಿದರು:

"ಅಮ್ಮಾ, ಬೇಜಾರು ಮಾಡ್ಕಬೇಡಿ. ಆಸ್ಪತ್ರೆಯವರು ಬಜಾರ್‌ನಲ್ಲಿ ಒಂದು ಮಾತು ಆಡ್ತಾವ್ರೆ. ಹುಡುಗಿ ಚೆನ್ನಾಗಿ ನಡ್ಕೊಂಡೇ ಹೋದ್ಲು, ಅತ್ತೆ ಚಳೀಲಿ ದನದ ಕೊಟ್ಟಿಗೇಲಿ ಹಾಕಿ ಸಾಯಿಸಿದ್ಲು ಅಂತ."

ಅಕ್ಕಯ್ಯಮ್ಮ ಬುಟ್ಟಿಗಳನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ನಡೆದಳು. ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು, ಆಕೆ ಬದುಕಿನಲ್ಲಿ ಮೊದಲ ಸಲ ಕೂಗಿದಳು. ವರಾಂಡದಲ್ಲಿ ಕೂತಿದ್ದ ರೋಗಿಗಳೆಲ್ಲ ಎದ್ದು ನಿಂತರು.

"ನನ್ನ ಸೊಸೆ ಹೊಟ್ಟೆ ಮುಟ್ಟಿ ನೋಡಿದ್ಯೇನಯ್ಯ ನೀನು? ಬಾಯಿ ಬಿಟ್ಟು ಹೇಳು! ಮುಟ್ಟಿದ್ಯಾ?"

ಜವಾನ ಆಕೆಯ ರಟ್ಟೆ ಹಿಡಿದು ಹೊರಗೆ ದಬ್ಬಿದ. ದಬ್ಬಿಸಿಕೊಂಡವಳು ನೇರವಾಗಿ ಬಯ್ಯಪ್ಪನವರ ರೇಷ್ಮೆ ಮಂಡಿಗೆ ಹೋದಳು. ಅವರು ದಿಂಬಿಗೆ ಒರಗಿ ಕೂತಿದ್ದರು. ಕೆಟ್ಟ ಮನುಷ್ಯನೇನಲ್ಲ, ಎಳನೀರು ತರಿಸಿದರು.

"ನೋಡಮ್ಮಾ, ನಾವು ಯಾರ ಹತ್ರಾನೂ ಒಂದು ಬಿಡಿಗಾಸು ಮುಟ್ಟಲ್ಲ. ಎಲ್ಲಾ ಧರ್ಮಕ್ಕೆ. ಧರ್ಮಕ್ಕೆ ಮಾಡಿದ್ದಕ್ಕೂ ತಪ್ಪು ಹುಡುಕಿದ್ರೆ ನಾಳೆ ಆಸ್ಪತ್ರೆ ಯಾರು ನಡೆಸ್ತಾರೆ?"

"ಧರ್ಮಕ್ಕೆ ನೀರು ಕೊಡೋರು ಎಂಜಲು ಲೋಟದಾಗೆ ಕೊಡಬೋದಾ ಯಜಮಾನ್ರೆ?"

"ಹಣೇಲಿ ಬರೆದಿದ್ದು ಕಣಮ್ಮ. ಪೋನೀಲೇ, ಬಿಟ್ಟುಬಿಡು."

ಪೋನೀಲೇ. ಹೋಗಲಿ ಬಿಡು. ತೆಲುಗು ಕನ್ನಡ ಎರಡೂ ಆಡುವ ಆ ಸೀಮೆಯಲ್ಲಿ ಸಾವಿನ ಮನೆಗೆ ಬಂದವರೆಲ್ಲ ಹೇಳುವ ಮಾತು ಅದು. ಆದರೆ ಕಳಕೊಂಡವರ ಎದುರು ಕಳೆದವರೇ ಅದನ್ನು ಹೇಳಿದಾಗ ಅದು ಸಮಾಧಾನವಲ್ಲ, ಅಪ್ಪಣೆ. ಅಕ್ಕಯ್ಯಮ್ಮ ಎಳನೀರನ್ನು ಮುಟ್ಟದೆ ಎದ್ದುಬಂದಳು.

ಆದರೂ ಆಕೆಯೊಳಗೆ ಒಂದು ಮುಳ್ಳು ಆಡುತ್ತಿತ್ತು. ನಿಜವಾಗಿ ಚಪ್ಪರವೇ ಕೊಂದಿತೋ? ಚಳಿಯೇ ಕೊಂದಿತೋ? ಹುಳುವಿಗೆ ಕೊಟ್ಟ ಮನೆಯನ್ನು ಹುಡುಗಿಗೆ ಕೊಟ್ಟಿದ್ದರೆ ಉಳಿಯುತ್ತಿದ್ದಳೋ? ಊರಿನವರ ಮಾತಿಗಿಂತ ಈ ಪ್ರಶ್ನೆ ಆಕೆಯನ್ನು ಹೆಚ್ಚು ಸುಟ್ಟಿತು. ಊಟ ಸೇರದಾಯಿತು. ಇದನ್ನು ನೋಡಲಾರದೆ ಖಲೀಮುಲ್ಲಾ ಸಾಬರು ಒಂದು ದಿನ ಆಕೆಯನ್ನು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದರು. ಅಲ್ಲಿ ಚನ್ನಕೇಶವ ಎಂಬ ಮುದಿ ಡಾಕ್ಟರಿದ್ದರು. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ದುಡಿದು ನಿವೃತ್ತರಾದವರು.

ಅಕ್ಕಯ್ಯಮ್ಮ ಮೂಕಿಮರದ ಪೆಟ್ಟನ್ನು, ಬೆವರನ್ನು, ಬಾಯಾರಿಕೆಯನ್ನು ಹೇಳಿದಳು. ಇನ್ನೂ ಆಸ್ಪತ್ರೆಯ ಮಾತಿಗೆ ಬಂದಿರಲಿಲ್ಲ. ಮುದುಕರು ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಎಡಗಡೆ ಭುಜ ನೋವು ಅಂದಳಾ?"

ಆಕೆ ಕೂತಲ್ಲಿಂದ ಎದ್ದು ನಿಂತುಬಿಟ್ಟಳು. "ನಿಮಗ್ಯಾರು ಹೇಳಿದ್ರು?"

"ಯಾರೂ ಹೇಳಬೇಕಾಗಿಲ್ಲಮ್ಮ. ಎಡ ಪಕ್ಕೆ ಕೆಳಗೆ ಗುಲ್ಮ ಅಂತ ಒಂದು ಅಂಗ ಇದೆ. ಪೆಟ್ಟಿಗೆ ಅದು ಒಡೆದರೆ ರಕ್ತ ಹೊಟ್ಟೆ ಒಳಗೇ ಸೋರುತ್ತೆ. ಹೊರಗೆ ಗಾಯ ಕಾಣಲ್ಲ. ನೋವು ಮಾತ್ರ ಭುಜಕ್ಕೆ ಬರುತ್ತೆ. ಓದಿದವರಿಗೆಲ್ಲ ಗೊತ್ತಿರೋ ವಿಷಯ."

"ಮುಟ್ಟಿ ನೋಡಿದ್ರೆ ಗೊತ್ತಾಗ್ತಿತ್ತಾ?"

"ಹೊಟ್ಟೆ ಬಿಗಿದಿರುತ್ತೆ. ನಾಡಿ ಓಡ್ತಿರುತ್ತೆ. ಗೊತ್ತಾಗ್ತಿತ್ತು. ಕೂಡಲೇ ಬೆಂಗಳೂರಿಗೆ ಸಾಗಿಸಿದ್ದರೆ ಆಪರೇಷನ್ ಮಾಡ್ತಿದ್ದರು. ಬದುಕೇ ಬದುಕ್ತಿದ್ದಳು ಅಂತ ಆಣೆ ಇಡಲಾರೆ. ಬದುಕೋ ದಾರಿ ಇತ್ತು."

ಅಕ್ಕಯ್ಯಮ್ಮ ತಡವರಿಸಿದಳು. "ಮನೆ ಒಳಗೆ... ಬೆಚ್ಚಗೆ ಮಲಗಿಸಿದ್ರೆ?"

"ಅರಮನೇಲಿ ಮಲಗಿಸಿದ್ದರೂ ಅಷ್ಟೇ."

ಖಲೀಮುಲ್ಲಾ ಸಾಬರು ಆಕೆ ಅಳಬಹುದೆಂದು ಮುಖ ಬೇರೆ ಕಡೆ ಮಾಡಿದರು. ಆಕೆ ಅಳಲಿಲ್ಲ. ಇಷ್ಟು ದಿನ ತನ್ನ ಕಡೆಗೇ ತಿರುಗಿದ್ದ ಸಿಟ್ಟು ಈಗ ಮುಖವೆತ್ತಿ ಬೇರೆ ದಾರಿ ಹಿಡಿಯಿತು. ಭುಜ, ಭುಜ ಎಂದು ಆ ಹುಡುಗಿ ತನ್ನ ಸಾವಿನ ಗುರುತನ್ನು ತಾನೇ ಬಾಯಿಬಿಟ್ಟು ಹೇಳಿದ್ದಳು. ಅದನ್ನು ಕೇಳಿಸಿಕೊಂಡವನು ಅದರ ಮೇಲೆ ಎಣ್ಣೆ ಉಜ್ಜಿಸಿದ್ದ.

"ಸ್ವಾಮಿ, ಇದನ್ನ ನೀವು ಕೋರ್ಟಿಗೆ ಬಂದು ಹೇಳ್ತೀರಾ?"

ಮುದುಕರು ಕಿಟಕಿಯ ಕಡೆ ನೋಡಿದರು. "ನಾನು ಆವತ್ತು ಅಲ್ಲಿರಲಿಲ್ಲಮ್ಮ. ಇನ್ನೊಬ್ಬ ಡಾಕ್ಟರ ಮೇಲೆ ನಾನು..."

"ಸರಿ ಬಿಡಿ," ಎಂದಳು ಅಕ್ಕಯ್ಯಮ್ಮ. "ನೀವೂ ಮುಟ್ಟಾಕಿಲ್ಲ ಅಂತೀರ."

ಚಿಂತಾಮಣಿಯ ಲಾಯರೊಬ್ಬರು ಕೊಂಡಪ್ಪನ ಹೆಸರಿನಲ್ಲಿ ದಾವೆ ಹೂಡಿದರು. ಆಸ್ಪತ್ರೆಯ ಸಮಿತಿ ಮತ್ತು ಡಾಕ್ಟರು ಎದುರುಪಕ್ಷ. ಅವರ ಉತ್ತರ ಬಂತು: ರೋಗಿಯನ್ನು ಪೂರ್ತಿ ಪರೀಕ್ಷಿಸಲಾಯಿತು, ನೋವಿನ ದೂರೇ ಇರಲಿಲ್ಲ, ಔಷಧ ಹಚ್ಚುವ ಪ್ರಮೇಯವೂ ಬರಲಿಲ್ಲ, ನಡೆದುಕೊಂಡೇ ಹೋದಳು, ಮನೆಯವರ ನಿರ್ದಯೆಯಿಂದ ಸತ್ತಳು. ಜೊತೆಗೇ ಸಮಿತಿ ಇನ್ನೊಂದು ಕೆಲಸ ಮಾಡಿತು. ಡಾಕ್ಟರನ್ನು ಕೆಲಸದಿಂದ ತೆಗೆಯಿತು. ಒಂದು ವೇಳೆ ತಪ್ಪೇನಾದರೂ ಇದ್ದರೆ ಅದು ಅವನದು, ಆಸ್ಪತ್ರೆಯದಲ್ಲ ಎಂದಿತು.

ದಾವೆ ಎರಡು ವರ್ಷ ಎಳೆಯಿತು. ಸಾಕ್ಷಿ ಹೇಳುವ ಹಿಂದಿನ ದಿನ ಲಾಯರು ಅಕ್ಕಯ್ಯಮ್ಮನನ್ನು ಕೂರಿಸಿಕೊಂಡು ಹೇಳಿದರು: "ಚಪ್ಪರದ ಮಾತೇ ಎತ್ತಬೇಡಿ. ಮನೆ ಒಳಗೇ ಮಲಗಿಸಿದ್ದೆ ಅನ್ನಿ. ಊರಿನವರೂ ಹಾಗೇ ಹೇಳ್ತಾರೆ, ನಾನು ಮಾತಾಡಿದ್ದೀನಿ."

ಕೊಂಡಪ್ಪನೂ ಬೇಡಿಕೊಂಡ. "ಅಮ್ಮಾ, ಒಂದು ಮಾತು ತಾನೆ? ನಿನ್ನ ಕೊಲೆಗಾತಿ ಅಂತಾರೆ ಕಣಮ್ಮ."

"ಅನ್ನಲಿ. ಸುಳ್ಳು ಹೇಳಿದ್ರೆ ಅವರಿಗೂ ನಮಗೂ ಏನೋ ವ್ಯತ್ಯಾಸ? ಅವರು ಪರೀಕ್ಷೆ ಮಾಡ್ದೋ ಅಂತಾರೆ, ನಾವು ಒಳಗೆ ಮಲಗ್ಸಿದ್ದೋ ಅನ್ನಾದಾ?"

ಕೋರ್ಟಿನಲ್ಲಿ ಆಸ್ಪತ್ರೆಯ ವಕೀಲರು ಕಾದು ಕೂತಿದ್ದವರಂತೆ ಅದನ್ನೇ ಕೇಳಿದರು.

"ಆ ಹುಡುಗೀನ ಕೊಟ್ಟಿಗೇಲಿ ಹಾಕಿದ್ದು ನಿಜ ತಾನೆ?"

"ಹಾಕಿದ್ದಲ್ಲ, ಮಲಗಿಸಿದ್ದು. ಕೊಟ್ಟಿಗೆಯಲ್ಲ, ಗಾಡಿ ಚಪ್ಪರ. ನಿಜ."

ಲಾಯರು ತಲೆ ಮೇಲೆ ಕೈಯಿಟ್ಟುಕೊಂಡರು.

"ಸೊಸೆಗಿಂತ ಹುಳು ಹೆಚ್ಚಾಯ್ತೇನಮ್ಮಾ?" ವಕೀಲರು ಸುತ್ತ ನೋಡಿ ನಕ್ಕರು. ಕೆಲವರು ನಕ್ಕರು ಕೂಡ.

ಆಕೆ ಕಟಕಟೆಯ ಮರವನ್ನು ಹಿಡಿದುಕೊಂಡಳು. "ಆ ಮಾತು ನಾನು ದಿನಾ ನನ್ನ ಕೇಳ್ಕಂತೀನಿ. ನೀವು ಕೇಳಬೇಕಾಗಿಲ್ಲ. ಚಪ್ಪರದಾಗೆ ಮಲಗಿಸ್ದೆ ಅಂತ ಬರ್ಕಳ್ಳಿ. ಯಾಕೆ ಮಲಗಿಸ್ದೆ ಅಂತಾನೂ ಬರ್ಕಳ್ಳಿ. ಮೈಯೆಲ್ಲ ಟರ್ಪಂಟೈನ್ ಘಾಟು. ಹುಳು ಇರೋ ಮನೆಗೆ ಆ ಘಾಟು ತರಂಗಿಲ್ಲ, ನಮ್ಮ ಕಡೆ ಯಾರನ್ನ ಬೇಕಾದ್ರೂ ಕೇಳಿ. ಆ ಎಣ್ಣೆ ನಮ್ಮ ಮನೇದಲ್ಲ. ನೋವೇ ಇರ್ಲಿಲ್ಲ ಅಂತೀರಲ್ಲ, ಎಣ್ಣೆ ಯಾಕೆ ತಿಕ್ಕಿದ್ರಿ? ಮೂಕಿ ಹೊಡೆದಿದ್ದು ಹೊಟ್ಟೆಗೆ, ಎಡಗಡೆ ಭುಜಕ್ಕೆ ಯಾಕೆ ತಿಕ್ಕಿದ್ರಿ?"

ನಗು ನಿಂತಿತು. ಎಣ್ಣೆಯ ಮಾತನ್ನೇ ಅಲ್ಲಗಳೆದಿದ್ದ ಆಸ್ಪತ್ರೆಯ ವಕೀಲರು ಕಾಗದ ತಿರುವತೊಡಗಿದರು. ಊರಿನವರು ಒಬ್ಬೊಬ್ಬರಾಗಿ ಬಂದು, ಕಲಿಸಿದ್ದ ಸುಳ್ಳನ್ನು ಬಿಟ್ಟು, ಅಂದು ಬೀದಿಗೆಲ್ಲ ಹಬ್ಬಿದ ಆ ಘಾಟನ್ನು ಹೇಳಿದರು.

ಮುಂದಿನ ವಿಚಾರಣೆಗೆ ಡಾಕ್ಟರು ಬಂದ. ಕೋಟಿನ ಇಸ್ತ್ರಿ ಕೆಟ್ಟಿತ್ತು. ಅಕ್ಕಯ್ಯಮ್ಮ ಚಿಕ್ಕಬಳ್ಳಾಪುರದಿಂದ ಹೊತ್ತು ತಂದ ಪ್ರಶ್ನೆಯನ್ನೇ ಲಾಯರು ಅವನ ಮುಂದಿಟ್ಟರು. ಎಡ ಪಕ್ಕೆಯ ಕೆಳಗೆ ಪೆಟ್ಟು, ಎಡಭುಜಕ್ಕೆ ನೋವು. ನೀವು ಓದಿದ ಪುಸ್ತಕದಲ್ಲಿ ಅದು ಯಾವುದರ ಲಕ್ಷಣ?

ಅವನು ಸಮಿತಿಯವರು ಕೂತ ಬೆಂಚಿನ ಕಡೆ ಒಮ್ಮೆ ನೋಡಿ, "ಗುಲ್ಮ ಒಡೆದಿರುವ ಲಕ್ಷಣ" ಎಂದ.

"ಹೊಟ್ಟೆ ಪರೀಕ್ಷೆ ಮಾಡಿದಿರಾ?"

"ಇಲ್ಲ."

"ಯಾಕೆ?"

"ಅಧ್ಯಕ್ಷರು ಬರೋದರೊಳಗೆ ಮಂಚಗಳೆಲ್ಲ ಖಾಲಿಯಾಗಬೇಕು ಅಂತ ಹೇಳಿ ಕಳಿಸಿದ್ದರು. ಬೆಳಗಿನಿಂದ ರೋಗಿಗಳನ್ನ ಕಳಿಸೋದೇ ಕೆಲಸವಾಗಿತ್ತು."

ಕೋರ್ಟಿನ ಜಗುಲಿಯಲ್ಲಿ ಎದುರಾದಾಗ ಅವನು ಕೈ ಮುಗಿದ. ನಿಜ ಹೇಳಿದವನನ್ನು ಕ್ಷಮಿಸಬೇಕೆಂದು ಕೊಂಡಪ್ಪನಿಗೆ ಅನ್ನಿಸಿತು. ಅಕ್ಕಯ್ಯಮ್ಮನಿಗೆ ಅನ್ನಿಸಲಿಲ್ಲ.

"ಕೆಲಸ ಕಳ್ಕಂ‌ಡ ಮೇಲೆ ಬಾಯಿ ಬಂತೇನಪ್ಪ? ಆವತ್ತು ಕೈ ಬಂದಿದ್ರೆ ಸಾಕಿತ್ತು."

ತೀರ್ಪಿಗೆ ಮೊದಲು ಬಯ್ಯಪ್ಪನವರು ಹೇಳಿ ಕಳಿಸಿದರು. ದಾವೆ ಹಿಂತೆಗೆದುಕೊಂಡರೆ ಆಸ್ಪತ್ರೆಯಲ್ಲಿ ಒಂದು ಹೊಸ ಕೋಣೆ ಕಟ್ಟಿಸಿ ಅದಕ್ಕೆ ಶ್ಯಾಮಲಮ್ಮನ ಹೆಸರಿಡುತ್ತಾರಂತೆ, ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಕೊಂಡಪ್ಪನ ಮನಸ್ಸು ಕರಗಿತು. ಅವಳ ಹೆಸರು ಎಲ್ಲಾದರೂ ಉಳಿಯಲಿ ಎಂದ.

"ಮಲಗಾಕೆ ನೆಲ ಕೊಡ್ದಿರೋರು ಗೋಡೆ ಕೊಡ್ತಾರಂತಾ?" ಆಕೆ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ನನಗೆ ಕಲ್ಲು ಬ್ಯಾಡ. ಮುಟ್ಟಿ ನೋಡ್ದೆ ಆಚೆಗಟ್ಟಿದ್ದೋ ಅಂತ ಒಂದು ಮಾತು ಬೇಕು. ಅಷ್ಟೇ."

ಮುನ್ಸೀಫರು ತೀರ್ಪನ್ನು ಇಂಗ್ಲಿಷಿನಲ್ಲಿ ಓದಿದರು. ಓದಿ ಮುಗಿದರೂ ಅಕ್ಕಯ್ಯಮ್ಮ ಜಾಗ ಬಿಟ್ಟು ಕದಲಲಿಲ್ಲ. "ಬುದ್ಧೀ, ನಮ್ಮ ಮಾತ್ನಾಗೆ ಹೇಳಿ" ಎಂದಳು. ಕೋರ್ಟಿನ ಬಿಲ್ಲೆ ಜವಾನ ಗದರಲು ಹೋದ. ಮುನ್ಸೀಫರು ಅವನಿಗೆ ಕೈ ಅಡ್ಡ ಹಿಡಿದು, ಕನ್ನಡಕ ತೆಗೆದು ಹೇಳಿದರು:

"ಪರೀಕ್ಷೆ ಮಾಡದೆ ಕಳಿಸಿದ್ದು ತಪ್ಪಮ್ಮ. ಮಂಚ ಖಾಲಿ ಮಾಡಿಸಿದ ಸಮಿತಿಯೂ ಅದಕ್ಕೆ ಹೊಣೆ. ಧರ್ಮಕ್ಕೆ ನಡೆಸಿದರೂ ಹೊಣೆ ತಪ್ಪೋದಿಲ್ಲ."

"ಚಪ್ಪರ?"

"ಚಪ್ಪರದಿಂದ ಸತ್ತಳು ಅನ್ನೋದಕ್ಕೆ ಆಧಾರ ಇಲ್ಲ."

ಆಕೆ ಕೈ ಮುಗಿದು ಹೊರಬಂದಳು. ಮುಖದಲ್ಲಿ ಗೆಲುವಿರಲಿಲ್ಲ. ಸಮಿತಿ ಆ ವಾರವೇ ಕೋಲಾರದ ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಿತು. ವ್ಯಾಜ್ಯ ಇನ್ನೂ ಮುಗಿದಿಲ್ಲ, ಯಾರ ತಪ್ಪೂ ತೀರ್ಮಾನವಾಗಿಲ್ಲ ಎಂದು ಬಜಾರಿನಲ್ಲಿ ಹೇಳಿಸಿತು. ಹಾಗೆ ಹೇಳಿಸಿದ ಮೇಲೆ ಅಕ್ಕಯ್ಯಮ್ಮ ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ.

ಸಂತೆಯ ದಿನಗಳಲ್ಲಿ ಆಕೆ ಆಸ್ಪತ್ರೆಗೆ ಹೋಗತೊಡಗಿದಳು. ವರಾಂಡದಲ್ಲಿ ಕಾದು ಕೂತ ಹೆಂಗಸರ ನಡುವೆ ಕೂತು, ಮುನ್ಸೀಫರು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಹೇಳುತ್ತಿದ್ದಳು. ಜವಾನ ಮೊದಮೊದಲು ಹೊರಗೆ ದಬ್ಬಿದ. ಆಕೆ ಗೇಟಿನಲ್ಲಿ ನಿಂತು ಹೇಳಿದಳು. ಬೀದಿಯಲ್ಲಿ ಹೋಗುವವರಿಗೂ ಕೇಳಿಸಿತು. ಆಮೇಲೆ ಅವನು ದಬ್ಬುವುದನ್ನು ಬಿಟ್ಟ. ಅರವತ್ತರ ದಶಕದ ಉದ್ದಕ್ಕೂ ಡಾಕ್ಟರುಗಳು ಬಂದರು, ಹೋದರು. "ಆ ಯಮ್ಮ ಬಂದವ್ಳಾ?" ಎಂದು ಕಾಂಪೌಂಡರನ್ನು ಕೇಳಿಕೊಂಡೇ ಸಂತೆಯ ದಿನ ಬಾಗಿಲು ತೆರೆಯುತ್ತಿದ್ದರಂತೆ.

ಒಂದು ಸಂತೆಯ ದಿನ ಪೆರೇಸಂದ್ರದ ಕಡೆಯ ಹೆಂಗಸೊಬ್ಬಳನ್ನು ಹೊತ್ತು ತಂದರು. ಕಣದಲ್ಲಿ ಎತ್ತು ಒದ್ದಿತ್ತು. ಹೊಸ ಡಾಕ್ಟರು ಕುರ್ಚಿಯಲ್ಲಿ ಕೂತೇ "ಎಲ್ಲಮ್ಮಾ ನೋವು?" ಎಂದು ಕೇಳಿ, ಚೀಟಿ ಬರೆಯಲು ಬಗ್ಗಿದ. ಬೆಳಕಿಗೆ ಏನೋ ಅಡ್ಡ ಬಂತು. ತಲೆಯೆತ್ತಿದ. ಬಾಗಿಲಿನ ಎರಡೂ ಕಡೆ ಕೈಯೂರಿ ಅಕ್ಕಯ್ಯಮ್ಮ ನಿಂತಿದ್ದಳು.

"ಏನಮ್ಮಾ? ಹೊರಗೆ ನಿಂತ್ಕೋ."

ಆಕೆ ನಿಂತೇ ಇದ್ದಳು. ಆಕೆಯ ಹಿಂದೆ ವರಾಂಡದ ಹೆಂಗಸರೂ ಎದ್ದು ಬಂದು ನಿಂತರು. ಡಾಕ್ಟರ ಮುಖ ಕೆಂಪಾಯಿತು. ಲೇಖನಿಯನ್ನು ಮೇಜಿನ ಮೇಲೆ ಕುಕ್ಕಿ, ಗೊಣಗುತ್ತ ಎದ್ದ. ತೋಳು ಮಡಚಿದ. ಬೆಂಚಿನ ಮೇಲೆ ಮಲಗಿದ್ದ ಹೆಂಗಸಿನ ಪಕ್ಕ ಬಾಗಿ, ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದ.

"ಇಲ್ಲಿ ನೋಯುತ್ತಾ?"

"ಇನ್ನೊಸಿ ಕೆಳಗೆ ಸ್ವಾಮಿ," ಎಂದಳು ಆ ಹೆಂಗಸು.

ಅವನ ಕೈ ಕೆಳಗೆ ಸರಿಯಿತು. ಅಕ್ಕಯ್ಯಮ್ಮ ಬಾಗಿಲಲ್ಲೇ ನಿಂತು ಆ ಕೈಯನ್ನು ನೋಡುತ್ತಿದ್ದಳು.